ತಪ್ಪಿನ ಜಾಡು ಹಿಡಿದು

1954ರ ಮಾರ್ಚ್ 11ರಂದು ಮಿಲಾನ್ ಪಾಲಿಟೆಕ್ನಿಕ್‌ನ ಪ್ರಾಧ್ಯಾಪಕ ಜೂಲಿಯೊ ನಟ್ಟಾ ತಮ್ಮ ದಿನಚರಿಯಲ್ಲಿ ಪಾಲಿಪ್ರೊಪಿಲೀನ್ ತಯಾರಾಯಿತು ಎಂದು ಚುಟುಕಾಗಿ ಬರೆದುಕೊಂಡರು. ಜರ್ಮನಿಯಲ್ಲಿ ಕಾರ್ಲ್ ಜೀಗ್ಲರ್ ಹಿಂದಿನ ವರ್ಷವಷ್ಟೇ ಕಂಡುಹಿಡಿದಿದ್ದ ವೇಗವರ್ಧಕದ ಬಗೆಯದನ್ನೇ ಬಳಸಿ ನಟ್ಟಾ ಅವರ ಗುಂಪು ಪ್ರೊಪಿಲೀನ್ ಅನಿಲವನ್ನು ಉದ್ದನೆಯ ಸರಪಳಿಗಳಾಗಿ ಹೆಣೆದಿತ್ತು. ಕೈಗೆ ಬಂದದ್ದು ಒಂದೇ ಪದಾರ್ಥವಾಗಿರಲಿಲ್ಲ. ಕುದಿಯುವ ದ್ರಾವಕಗಳಲ್ಲಿ ಒಂದೊಂದಾಗಿ ತೊಳೆದಾಗ ಅದು ಭಾಗಭಾಗವಾಗಿ ಬೇರೆಯಾಯಿತು. ಈಥರ್‌ನಲ್ಲಿ ಕರಗಿ ಹೋದದ್ದು ಅಂಟಂಟಾದ ಮೆತ್ತನೆಯ ವಸ್ತು. ಹೆಪ್ಟೇನ್‌ನಲ್ಲೂ ಕರಗದೆ ಕೊನೆಗೆ ಉಳಿದದ್ದು ಬಿಳಿಯ ಹರಳುಪುಡಿ. ಅದನ್ನು ಕರಗಿಸಲು 160 ಡಿಗ್ರಿ ಸೆಲ್ಸಿಯಸ್ ದಾಟಬೇಕಿತ್ತು.

ಎರಡರಲ್ಲೂ ಇದ್ದದ್ದು ಅದೇ ಕಾರ್ಬನ್, ಅದೇ ಹೈಡ್ರೋಜನ್, ಅದೇ ಪ್ರಮಾಣ. ಜೋಡಣೆಯ ಕ್ರಮವೂ ಒಂದೇ. ಆದರೂ ಒಂದು ಅಂಟು, ಇನ್ನೊಂದು ಗಟ್ಟಿ ಪ್ಲಾಸ್ಟಿಕ್. ನಾವು ಅಕ್ಕಿ ತರುವ ಹೆಣೆದ ಬಿಳಿ ಚೀಲ, ಬಿಸಿ ಊಟ ಹಾಕಿದರೂ ಬಾಗದ ಡಬ್ಬಿ, ಆಸ್ಪತ್ರೆಯ ಸಿರಿಂಜು ಎಲ್ಲ ಆಗುವುದು ಆ ಎರಡನೆಯದರಿಂದ. ಮಂಗಳೂರಿನ ಎಂಆರ್‌ಪಿಎಲ್ ಘಟಕವೊಂದೇ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ತಯಾರಿಸುವ ಸಾಮರ್ಥ್ಯದ್ದು. ಆ ಅಂಟು ಬಾರದಂತೆ ನೋಡಿಕೊಳ್ಳುವುದೇ ಇಂಥ ಕಾರ್ಖಾನೆಗಳ ಅರ್ಧ ವಿದ್ಯೆ.

ವ್ಯತ್ಯಾಸ ಇರುವುದು ದಿಕ್ಕಿನಲ್ಲಿ. ಪಾಲಿಪ್ರೊಪಿಲೀನ್ ಸರಪಳಿಯನ್ನು ಚಾಚಿ ಹಿಡಿದರೆ ಒಂದು ಬಿಟ್ಟು ಒಂದು ಕಾರ್ಬನ್‌ಗೆ ಮೀಥೈಲ್ ಎಂಬ ಪುಟ್ಟ ಗುಂಪು ಅಂಟಿಕೊಂಡಿರುತ್ತದೆ. ಅದು ಸರಪಳಿಯ ಬಲಕ್ಕೂ ಇರಬಹುದು, ಎಡಕ್ಕೂ ಇರಬಹುದು. ಎಲ್ಲವೂ ಒಂದೇ ಬದಿಗಿದ್ದರೆ ಐಸೊಟ್ಯಾಕ್ಟಿಕ್, ಒಂದು ಬಲಕ್ಕೆ ಒಂದು ಎಡಕ್ಕೆ ಎಂದು ತಪ್ಪದೆ ಬದಲಾಗುತ್ತಿದ್ದರೆ ಸಿಂಡಿಯೊಟ್ಯಾಕ್ಟಿಕ್, ಗೊತ್ತುಗುರಿಯಿಲ್ಲದಿದ್ದರೆ ಅಟ್ಯಾಕ್ಟಿಕ್. ಈ ಹೆಸರುಗಳನ್ನು ಸೂಚಿಸಿದವರು ನಟ್ಟಾ ಅವರ ಪತ್ನಿ ರೋಸಿತಾ ಬೆಯಾಟಿ. ಕ್ರಮವಾಗಿರುವ ಸರಪಳಿಗಳು ಒತ್ತೊತ್ತಾಗಿ ಹರಳುಗಟ್ಟುತ್ತವೆ. ಕ್ರಮಗೆಟ್ಟವು ಗೋಜಲಾಗಿ ಮೆತ್ತಗೆ ಉಳಿಯುತ್ತವೆ.

ನಟ್ಟಾ ಇದನ್ನು ಸಾಬೀತುಪಡಿಸಿದ್ದು ಎಕ್ಸ್‌ ಕಿರಣಗಳಿಂದ. ಎಕ್ಸ್‌ ಕಿರಣಕ್ಕೆ ಕಾಣುವುದು ಹರಳು ಮಾತ್ರ. ಕ್ರಮವಿರುವ ಭಾಗದ ಚಿತ್ರವನ್ನು ಅದು ಸ್ಪಷ್ಟವಾಗಿ ಕೊಡುತ್ತದೆ. ಕ್ರಮ ಕೆಟ್ಟ ಕಡೆ ಏನಾಗಿದೆ, ಎಷ್ಟು ಕೆಟ್ಟಿದೆ, ಯಾವ ರೀತಿಯಲ್ಲಿ ಕೆಟ್ಟಿದೆ ಎಂದು ಕೇಳಿದರೆ ಮಸುಕು ಕಲೆಯೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಸರಪಳಿ ಹೇಗೆ ಬೆಳೆಯಿತು ಎಂಬುದರ ಸುಳಿವು ಇರುವುದು ಈ ಕೆಟ್ಟ ಜಾಗಗಳಲ್ಲೇ. ಅವನ್ನು ಓದುವ ವಿದ್ಯೆ ಮೂರು ದಶಕಗಳಲ್ಲಿ ಬೆಳೆಯಿತು. ಅದಕ್ಕೆ ಬೇಕಾದದ್ದು ರೋಹಿತವನ್ನು ಬರೆಯುವ ಯಂತ್ರ ಮತ್ತು ಹದಿನೆಂಟನೇ ಶತಮಾನದ ಸಂಭವನೀಯತೆಯ ಗಣಿತ. ಯಂತ್ರದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಗಣಿತಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬುದು ನನ್ನ ಭಾವನೆ. ಈ ಅಧ್ಯಾಯದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮುಂದಿನ ಮಾತಿಗೆ ಒಂದು ಚಿತ್ರ ಮನಸ್ಸಿನಲ್ಲಿರಲಿ. ಉದ್ದನೆಯ ರಸ್ತೆಯೊಂದಕ್ಕೆ ಸಾಲುಮರ ನೆಡಬೇಕಾಗಿದೆ. ನೆಡುವವನು ನಡೆಯುತ್ತ ಹೋಗಿ ಹತ್ತು ಹೆಜ್ಜೆಗೊಂದು ಗಿಡ ನೆಡುತ್ತಾನೆ. ಒಂದೊಂದನ್ನೂ ಬಲಕ್ಕೆ ಇಲ್ಲವೆ ಎಡಕ್ಕೆ. ಕೆಲಸ ಮುಗಿಸಿ ಅವನು ಹೊರಟುಹೋಗಿದ್ದಾನೆ. ನಮಗೆ ಉಳಿದಿರುವುದು ಮರಗಳ ಸಾಲು ಮಾತ್ರ. ಅವನು ಯಾವ ನಿಯಮ ಹಿಡಿದು ನೆಟ್ಟ ಎಂದು ಆ ಸಾಲನ್ನು ನೋಡಿ ಹೇಳಬಲ್ಲೆವೆ?

ತೊಂದರೆಯೆಂದರೆ ಅಣುಲೋಕದಲ್ಲಿ ನಾವು ಆ ರಸ್ತೆಯಲ್ಲಿ ನಡೆಯುವಂತಿಲ್ಲ. ಬಲ, ಎಡ ಎಂದು ಒಂದೊಂದನ್ನೇ ಬರೆದುಕೊಳ್ಳುವಂತಿಲ್ಲ. ನಮಗೆ ಸಿಗುವುದು ಕೋಟ್ಯಂತರ ಕೋಟಿ ರಸ್ತೆಗಳ ಒಟ್ಟು ಲೆಕ್ಕ: ಪಕ್ಕಪಕ್ಕದ ಎರಡು ಮರ ಒಂದೇ ಬದಿಗಿರುವ ಜಾಗಗಳು ನೂರಕ್ಕೆ ಇಷ್ಟು, ಎದುರು ಬದಿಗಿರುವವು ಇಷ್ಟು ಎಂಬ ಶೇಕಡಾವಾರು. ಒಂದೇ ಬದಿಯ ಜೋಡಿಗೆ ರಸಾಯನಶಾಸ್ತ್ರಜ್ಞರು ಮೀಸೊ ಎನ್ನುತ್ತಾರೆ, ಎದುರು ಬದಿಯ ಜೋಡಿಗೆ ರಸೀಮೊ. ನಾವು ಇವನ್ನು ಮ ಮತ್ತು ರ ಎಂದು ಬರೆಯೋಣ. ಮೂರು ಗಿಡಗಳನ್ನು ಒಟ್ಟಿಗೆ ನೋಡಿದರೆ ನಡುವೆ ಎರಡು ಜೋಡಿಗಳು ಬರುತ್ತವೆ. ಆಗ ಸಾಧ್ಯವಿರುವುದು ಮೂರೇ ಬಗೆ: ಮ-ಮ, ಮ-ರ, ರ-ರ. ಇವಕ್ಕೆ ಟ್ರಯಾಡ್ ಎಂದು ಹೆಸರು.

ಈ ಶೇಕಡಾವಾರನ್ನು ಕೊಡುವ ಯಂತ್ರ ಎನ್‌ಎಂಆರ್. ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಹೈಡ್ರೋಜನ್ ನ್ಯೂಕ್ಲಿಯಸ್ ಒಂದು ನಿರ್ದಿಷ್ಟ ರೇಡಿಯೊ ಆವರ್ತನಕ್ಕೆ ಓಗೊಡುತ್ತದೆ. ಆ ಆವರ್ತನ ಅದರ ನೆರೆಹೊರೆಯನ್ನು ಅವಲಂಬಿಸಿ ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಆಚೀಚೆ ಸರಿಯುತ್ತದೆ. ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಗುಂಪುಗಳು 1946ರಲ್ಲಿ ಪ್ರಕಟಿಸಿದ ಈ ವಿದ್ಯಮಾನ ಬೆಂಗಳೂರಿಗೂ ಬೇಗ ತಲುಪಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಹರಿಯುವ ದ್ರವಗಳಿಂದ ಬರುವ ಎನ್‌ಎಂಆರ್ ಸಂಕೇತದ ಮೇಲೆ ಪ್ರಯೋಗ ನಡೆಸಿ 1951ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಹರಿವನ್ನು ಎನ್‌ಎಂಆರ್‌ನಿಂದ ಅಳೆಯುವ ವಿದ್ಯೆಯ ಚರಿತ್ರೆ ಬರೆಯುವವರು ಇಂದಿಗೂ ಆ ಪ್ರಬಂಧದಿಂದ ಆರಂಭಿಸುತ್ತಾರೆ. ನಮ್ಮ ಕಾಲೇಜು ಪಠ್ಯಗಳಲ್ಲಿ ಅವರ ಹೆಸರು ಇನ್ನೂ ಹೆಚ್ಚು ಕಾಣಿಸಬೇಕು.

ಪಾಲಿಮರ್ ಕಡೆಗೆ ಈ ಯಂತ್ರವನ್ನು ತಿರುಗಿಸಿ ಹೊಸ ದಾರಿ ತೆರೆದವರು ಅಮೆರಿಕದ ಮಿನೆಸೋಟಾದ 3ಎಂ ಕಂಪನಿಯಲ್ಲಿದ್ದ ಫ್ರಾಂಕ್ ಬೋವಿ ಮತ್ತು ಜಾರ್ಜ್ ಟಿಯರ್ಸ್. ಇಂದು ಪ್ರಪಂಚದ ಎಲ್ಲ ಎನ್‌ಎಂಆರ್ ಪ್ರಯೋಗಾಲಯಗಳೂ ಸೊನ್ನೆಯ ಗುರುತಾಗಿ ಬಳಸುವ ಟಿಎಂಎಸ್ ಎಂಬ ದ್ರವವನ್ನು 1958ರಲ್ಲಿ ಸೂಚಿಸಿದವರೂ ಈ ಟಿಯರ್ಸ್ ಅವರೇ. 1960ರಲ್ಲಿ ಇಬ್ಬರೂ ಕೂಡಿ ಪಾಲಿಮೀಥೈಲ್ ಮೆಥಾಕ್ರಿಲೇಟ್ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅದು ನಾವು ಅಕ್ರಿಲಿಕ್ ಶೀಟ್ ಎಂದು ಕೊಳ್ಳುವ ಪಾರದರ್ಶಕ ಹಾಳೆಯ ಪಾಲಿಮರ್. ಅದರ ಒಂದು ಮೀಥೈಲ್ ಗುಂಪು ರೋಹಿತದಲ್ಲಿ ಒಂದು ಶಿಖರವನ್ನಲ್ಲ, ಮೂರು ಶಿಖರಗಳನ್ನು ಕೊಟ್ಟಿತು. ಇಂದಿನ ಅಳತೆಯಲ್ಲಿ ಅವು 1.33, 1.21 ಮತ್ತು 1.10 ಪಿಪಿಎಂ. ಮೂರು ಟ್ರಯಾಡ್, ಮೂರು ಶಿಖರ.

ಯಾವ ಶಿಖರ ಯಾವ ಟ್ರಯಾಡ್‌ನದು? ಇಲ್ಲಿ ಅವರ ತರ್ಕ ಮನಸೋಲುವಷ್ಟು ಅಚ್ಚುಕಟ್ಟಾದದ್ದು. ಸರಪಳಿಯ ಬೆನ್ನಿನಲ್ಲಿ ಎರಡು ಮೀಥೈಲ್‌ಗಳ ನಡುವೆ ಎರಡು ಹೈಡ್ರೋಜನ್‌ಗಳುಳ್ಳ ಮೀಥಿಲೀನ್ ಗುಂಪು ಇದೆ. ಆಚೀಚೆಯ ಮೀಥೈಲ್‌ಗಳು ಒಂದೇ ಬದಿಯಲ್ಲಿದ್ದರೆ ಆ ಎರಡು ಹೈಡ್ರೋಜನ್‌ಗಳಲ್ಲಿ ಒಂದು ಮೀಥೈಲ್‌ಗಳ ಕಡೆಗೆ, ಇನ್ನೊಂದು ಅವುಗಳಿಂದ ಆಚೆಗೆ ಇರುತ್ತದೆ. ಅವು ಬೇರೆ ಬೇರೆ ಆವರ್ತನದಲ್ಲಿ ಓಗೊಟ್ಟು, ಒಂದನ್ನೊಂದು ತಾಕಿ, ನಾಲ್ಕು ಗೆರೆಗಳಾಗಿ ಸೀಳುತ್ತವೆ. ಮೀಥೈಲ್‌ಗಳು ಎದುರುಬದುರಾಗಿದ್ದರೆ ಎರಡೂ ಹೈಡ್ರೋಜನ್‌ಗಳ ಸ್ಥಿತಿ ಸಮಾನ, ಗೆರೆ ಒಂದೇ. ಆದ್ದರಿಂದ ನಾಲ್ಕು ಗೆರೆ ಕಂಡ ಮಾದರಿ ಐಸೊಟ್ಯಾಕ್ಟಿಕ್, ಒಂದು ಗೆರೆ ಕಂಡದ್ದು ಸಿಂಡಿಯೊಟ್ಯಾಕ್ಟಿಕ್. ಹರಳು ಬೇಕಿಲ್ಲ, ಎಕ್ಸ್‌ ಕಿರಣದ ಸಾಕ್ಷಿಯೂ ಬೇಕಿಲ್ಲ. ದ್ರಾವಣದಲ್ಲಿ ಕರಗಿ ಗೋಜಲಾಗಿರುವ ಸರಪಳಿ ತನ್ನ ವಿನ್ಯಾಸವನ್ನು ತಾನೇ ಹೇಳಿತು.

ಅಲ್ಲಿಗೇ ನಿಂತಿದ್ದರೆ ಅದೊಂದು ಒಳ್ಳೆಯ ಅಳತೆಯ ವಿಧಾನವಾಗಿ ಉಳಿಯುತ್ತಿತ್ತು. ಅವರು ನಿಲ್ಲಲಿಲ್ಲ. ಗಿಡ ನೆಡುವವನಿಗೆ ಒಂದೇ ಒಂದು ಅಭ್ಯಾಸವಿದೆ ಎಂದು ಊಹಿಸಿದರು: ಹಿಂದಿನ ಗಿಡ ಎಲ್ಲಿದೆಯೋ ಅದೇ ಬದಿಗೆ ನೆಡುವ ಸಂಭವ ಯಾವಾಗಲೂ ಒಂದೇ, ಅದರ ಹಿಂದೆ ಏನಾಗಿತ್ತೆಂಬುದು ಲೆಕ್ಕಕ್ಕಿಲ್ಲ. ಆ ಸಂಭವ 0.2 ಎಂದಿಟ್ಟುಕೊಳ್ಳಿ. ಆಗ ಮ-ಮ ಬರುವ ಪಾಲು 0.2 ಗುಣಿಸು 0.2, ಅಂದರೆ ಶೇ. 4. ರ-ರ ಪಾಲು 0.8 ಗುಣಿಸು 0.8, ಶೇ. 64. ಉಳಿದ ಶೇ. 32 ಮ-ರ. ಜೇಕಬ್ ಬರ್ನೂಲಿಯ ಗ್ರಂಥ 1713ರಲ್ಲಿ ಅಚ್ಚಾದಾಗಿನಿಂದ ಎಲ್ಲರಿಗೂ ಗೊತ್ತಿರುವ ಗಣಿತ ಇದು. ಅದರಿಂದ ಹುಟ್ಟುವ ಪರೀಕ್ಷೆಯೂ ಅಷ್ಟೇ ಸರಳ. ಮ-ಮ ಪಾಲನ್ನು ರ-ರ ಪಾಲಿನಿಂದ ಗುಣಿಸಿ, ಬಂದದ್ದನ್ನು ನಾಲ್ಕು ಪಟ್ಟು ಮಾಡಿ, ಮ-ರ ಪಾಲಿನ ವರ್ಗದಿಂದ ಭಾಗಿಸಿ. ಊಹೆ ಸರಿಯಿದ್ದರೆ ಸಂಭವ ಎಷ್ಟೇ ಇರಲಿ, ಉತ್ತರ 1.

ಸಾಧಾರಣ ಫ್ರೀ ರ್‍ಯಾಡಿಕಲ್ ವಿಧಾನದಲ್ಲಿ ತಯಾರಾದ ಅಕ್ರಿಲಿಕ್ ಈ ಪರೀಕ್ಷೆಯಲ್ಲಿ ಗೆದ್ದಿತು; ಅದರ ಸಂಭವ 0.2ರ ಆಸುಪಾಸಿನಲ್ಲೇ ಇತ್ತು. ಲಿಥಿಯಂ ಸಂಯುಕ್ತಗಳಿಂದ ಆರಂಭಿಸಿದ ಅಯಾನಿಕ್ ವಿಧಾನದ ಐಸೊಟ್ಯಾಕ್ಟಿಕ್ ಮಾದರಿಗಳು ಸೋತವು. ಎರಡೂ ಫಲಿತಾಂಶ ಅಮೂಲ್ಯ. ಗೆದ್ದ ಮಾದರಿ ಹೇಳಿದ್ದು: ಬೆಳೆಯುವ ತುದಿ ತನ್ನ ಕೊನೆಯ ಕೊಂಡಿಯನ್ನು ಮಾತ್ರ ಗಮನಿಸುತ್ತದೆ. ಸೋತ ಮಾದರಿ ಹೇಳಿದ್ದು: ಇಲ್ಲಿ ಬೇರೇನೋ ಇದೆ, ಹುಡುಕಿ.

ಗೆದ್ದ ಮಾದರಿಯಿಂದ ಶಕ್ತಿಯ ಲೆಕ್ಕವೂ ಸಿಗುತ್ತದೆ. ಎದುರು ಬದಿಗೆ 80, ಅದೇ ಬದಿಗೆ 20 ಎಂದರೆ ನಾಲ್ಕಕ್ಕೆ ಒಂದು. 60 ಡಿಗ್ರಿಯಲ್ಲಿ ಈ ಅನುಪಾತ ಬರಬೇಕಾದರೆ ಎರಡು ದಾರಿಗಳ ಶಕ್ತಿಯ ತಡೆಗಳ ನಡುವೆ ಮೋಲ್‌ಗೆ ಸುಮಾರು 3.8 ಕಿಲೊಜೂಲ್ ಅಂತರವಿರಬೇಕು. ಒಂದು ಕಾರ್ಬನ್-ಕಾರ್ಬನ್ ಬಂಧ ಮುರಿಯಲು ಬೇಕಾದ್ದು ಹತ್ತಿರ ಹತ್ತಿರ 350 ಕಿಲೊಜೂಲ್. ಅದರ ನೂರನೇ ಒಂದು ಪಾಲಿನಷ್ಟು ಸೂಕ್ಷ್ಮವಾದ ಒಲವು ಮೂರು ಶಿಖರಗಳ ವಿಸ್ತೀರ್ಣದಲ್ಲಿ ಅಚ್ಚಾಗಿ ಉಳಿದಿದೆ. ಕ್ರಿಯೆ ಮುಗಿದು ವರ್ಷಗಳಾಗಿದ್ದರೂ ಸರಿ, ಗಾಜಿನ ನಳಿಗೆಯಲ್ಲಿ ಒಂದಿಷ್ಟು ಕರಗಿಸಿ ಅದನ್ನು ಓದಬಹುದು.

ಸೋತ ಮಾದರಿಗಳಿಗೆ ಬೇಕಾದ ಗಣಿತ ರಷ್ಯದಲ್ಲಿ ಸಿದ್ಧವಿತ್ತು. 1913ರಲ್ಲಿ ಆಂದ್ರೇ ಮಾರ್ಕೊವ್ ಪುಷ್ಕಿನ್‌ನ ‘ಯೆವ್ಗೆನಿ ಒನೇಗಿನ್’ ಕಾವ್ಯದ 20,000 ಅಕ್ಷರಗಳನ್ನು ತೆಗೆದುಕೊಂಡು ಸ್ವರ ಯಾವುದು, ವ್ಯಂಜನ ಯಾವುದು ಎಂದು ಕೈಯಲ್ಲೇ ಎಣಿಸಿದ್ದರು. ಒಂದು ಅಕ್ಷರ ಏನಾಗುತ್ತದೆಂಬುದು ಅದರ ಹಿಂದಿನ ಅಕ್ಷರವನ್ನು ಅವಲಂಬಿಸಿದ್ದರೂ ಸಂಭವನೀಯತೆಯ ನಿಯಮಗಳು ನಡೆಯುತ್ತವೆ ಎಂದು ತೋರಿಸುವುದು ಅವರ ಉದ್ದೇಶ. ಸ್ವರ-ವ್ಯಂಜನದ ಜಾಗದಲ್ಲಿ ಮ-ರ ಇಡಿ. ಮಾರ್ಕೊವ್ ಸರಪಳಿಯೇ ಪಾಲಿಮರ್ ಸರಪಳಿಯ ಗಣಿತವಾಗುತ್ತದೆ. ಮ ಆದ ಮೇಲೆ ರ ಬರುವ ಸಂಭವ ಒಂದು, ರ ಆದ ಮೇಲೆ ಮ ಬರುವ ಸಂಭವ ಇನ್ನೊಂದು. ಬೋವಿ ಬೆಲ್ ಲ್ಯಾಬ್ಸ್ ಸೇರಿದ ಮೇಲೆ 1966ರಲ್ಲಿ ಹ್ಯಾರಿ ಫ್ರಿಶ್ ಮತ್ತು ಕಾಲಿನ್ ಮ್ಯಾಲೋಸ್ ಜೊತೆ ಕೂಡಿ ಈ ಲೆಕ್ಕವನ್ನು ವ್ಯವಸ್ಥಿತವಾಗಿ ಬರೆದರು. ಈ ಮ್ಯಾಲೋಸ್ ಸಂಖ್ಯಾಶಾಸ್ತ್ರಜ್ಞರು. ದತ್ತಾಂಶಕ್ಕೆ ಎಷ್ಟು ಚರಗಳ ಮಾದರಿ ಸಾಕು ಎಂದು ಆರಿಸಲು ಅವರ ಹೆಸರಿನ ಅಳತೆಗೋಲನ್ನು ಇಂದಿಗೂ ಎಂಎಸ್ಸಿ ತರಗತಿಗಳಲ್ಲಿ ಕಲಿಸುತ್ತಾರೆ. ರೋಹಿತದ ಮುಂದೆ ರಸಾಯನಶಾಸ್ತ್ರಜ್ಞನೂ ಸಂಖ್ಯಾಶಾಸ್ತ್ರಜ್ಞನೂ ಒಟ್ಟಿಗೆ ಕುಳಿತದ್ದರಿಂದಲೇ ಈ ಕ್ಷೇತ್ರ ಬೇಗ ಪಕ್ವವಾಯಿತು.

ಏಕೆಂದರೆ ಇಲ್ಲೊಂದು ಬಲೆ ಇದೆ, ರಸಾಯನಶಾಸ್ತ್ರ ಮಾತ್ರ ಕಲಿತವರು ಅದರಲ್ಲಿ ಸುಲಭವಾಗಿ ಬೀಳುತ್ತಾರೆ. ಮೂರು ಟ್ರಯಾಡ್‌ಗಳ ಮೊತ್ತ ಯಾವಾಗಲೂ 100. ಆದ್ದರಿಂದ ನಿಜವಾಗಿ ಸ್ವತಂತ್ರವಾದ ಅಳತೆಗಳು ಎರಡೇ. ಬರ್ನೂಲಿ ಮಾದರಿಗೆ ಬೇಕಾದ ಅಜ್ಞಾತ ಸಂಖ್ಯೆ ಒಂದು; ಇನ್ನೊಂದು ಅಳತೆ ಪರೀಕ್ಷೆಗೆ ಉಳಿಯುತ್ತದೆ. ಮಾರ್ಕೊವ್ ಮಾದರಿಗೆ ಎರಡು ಅಜ್ಞಾತಗಳು; ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಎರಡು ಅಳತೆಗೆ ಎರಡು ಅಜ್ಞಾತ ಹೊಂದಿಸಿದರೆ ಅದು ಯಾವಾಗಲೂ ಕರಾರುವಾಕ್ಕಾಗಿ ಹೊಂದುತ್ತದೆ, ಮಾದರಿ ಸುಳ್ಳಾಗಿದ್ದರೂ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಫ್ಲಾಸ್ಕಿನಲ್ಲಿ ಎರಡು ಬಗೆಯ ಸರಪಳಿಗಳು ಅರ್ಧರ್ಧ ಬೆರೆತಿವೆ. ಒಂದರಲ್ಲಿ ಅದೇ ಬದಿಗೆ ಸೇರುವ ಸಂಭವ 0.9, ಇನ್ನೊಂದರಲ್ಲಿ 0.1. ಎರಡೂ ಶುದ್ಧ ಬರ್ನೂಲಿ. ಬೆರೆಸಿ ಅಳೆದರೆ ಮ-ಮ ಶೇ. 41, ಮ-ರ ಶೇ. 18, ರ-ರ ಶೇ. 41. ಪರೀಕ್ಷೆಯ ಉತ್ತರ 1ರ ಬದಲು 20ಕ್ಕಿಂತ ಹೆಚ್ಚು. ಆದ್ದರಿಂದ ಒಂದೇ ಬರ್ನೂಲಿ ಸರಪಳಿ ಅಲ್ಲವೆಂಬುದು ಖಚಿತ. ಆದರೆ ಮಾರ್ಕೊವ್ ಪ್ರಿಯನೊಬ್ಬ ಬಂದು, ಇದು ಒಂದೇ ಬಗೆಯ ಸರಪಳಿ, ಪ್ರತಿ ಹೆಜ್ಜೆಗೂ ಅಭ್ಯಾಸ ಬದಲಾಗುವ ಸಂಭವ 0.18 ಎಂದರೆ ಅವನ ಲೆಕ್ಕವೂ 41, 18, 41 ಎಂದೇ ಬರುತ್ತದೆ. ಟ್ರಯಾಡ್ ಮಟ್ಟದಲ್ಲಿ ಇಬ್ಬರನ್ನೂ ಬೇರ್ಪಡಿಸಲು ಸಾಧ್ಯವೇ ಇಲ್ಲ. ಐದು ಗಿಡಗಳ ಕಿಟಕಿಯಿಂದ ನೋಡಿದರೆ ವ್ಯತ್ಯಾಸ ಬಯಲಾಗುತ್ತದೆ: ನಾಲ್ಕೂ ಜೋಡಿ ಮ ಆಗಿರುವ ಪಾಲು ಮಿಶ್ರಣದಲ್ಲಿ ಶೇ. 33, ಮಾರ್ಕೊವ್ ಸರಪಳಿಯಲ್ಲಿ ಶೇ. 28. ಒಂದು ಫ್ಲಾಸ್ಕಿನಲ್ಲಿ ಎರಡು ಬಗೆಯ ವೇಗವರ್ಧಕ ಕೇಂದ್ರಗಳಿವೆಯೇ, ಒಂದೇ ಇದೆಯೇ ಎಂಬ ಕೋಟ್ಯಂತರ ರೂಪಾಯಿಯ ಪ್ರಶ್ನೆ ಈ ಐದು ಶೇಕಡಾದ ಮೇಲೆ ನಿಂತಿರುತ್ತದೆ.

ಆದ್ದರಿಂದ ಕಿಟಕಿ ಅಗಲವಾಗಬೇಕಿತ್ತು. ಪಾಲಿಪ್ರೊಪಿಲೀನ್ ವಿಷಯದಲ್ಲಿ ಹೈಡ್ರೋಜನ್ ರೋಹಿತ ಗೆರೆಗಳ ಗೋಜಲು, ಕೈಹಿಡಿದದ್ದು ಕಾರ್ಬನ್. ಪ್ರಕೃತಿಯ ಕಾರ್ಬನ್‌ನಲ್ಲಿ ಎನ್‌ಎಂಆರ್‌ಗೆ ಓಗೊಡುವ ಕಾರ್ಬನ್-13 ಇರುವುದು ಶೇ. 1.1 ಮಾತ್ರ. ಅದರ ಸಂಕೇತ ದುರ್ಬಲ. ಒಂದೇ ಮಾದರಿಯನ್ನು ಸಾವಿರಾರು ಬಾರಿ ಅಳೆದು ಕೂಡಬೇಕು. ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎರಡು ಪಟ್ಟಾಗಲು ನಾಲ್ಕು ಪಟ್ಟು ಅಳತೆ ಬೇಕು. ರಿಚರ್ಡ್ ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್ 1966ರಲ್ಲಿ ಪ್ರಕಟಿಸಿದ ಫೂರಿಯೇ ವಿಧಾನ ಇದನ್ನು ಕೈಗೆಟುಕುವಂತೆ ಮಾಡಿತು. 1975ರಲ್ಲಿ ಇಟಲಿಯ ಅಡೋಲ್ಫೊ ಜಾಂಬೆಲ್ಲಿ ಸಹೋದ್ಯೋಗಿಗಳ ಜೊತೆಗೆ, ಬೋವಿಯವರನ್ನೂ ಕೂಡಿಸಿಕೊಂಡು, ಏಳು ಮೀಥೈಲ್ ಗುಂಪುಗಳುಳ್ಳ ಹದಿನೇಳು ಕಾರ್ಬನ್ ಉದ್ದದ ಹೈಡ್ರೋಕಾರ್ಬನ್ ಒಂದನ್ನು ಮಾದರಿಯಾಗಿ ಬಳಸಿ, ಪಾಲಿಪ್ರೊಪಿಲೀನ್ ರೋಹಿತದ ಯಾವ ಶಿಖರ ಯಾವ ಜೋಡಣೆಯದೆಂದು ಗುರುತಿಸಿದರು. ಐದು ಗಿಡಗಳ ಕಿಟಕಿಗೆ, ಅಂದರೆ ಪೆಂಟಾಡ್‌ಗೆ, ಹತ್ತು ಬಗೆಗಳು ಸಾಧ್ಯ. ಅವೆಲ್ಲ 19.5ರಿಂದ 22 ಪಿಪಿಎಂ ನಡುವಿನ ಕಿರುಜಾಗದಲ್ಲಿ ಸಾಲಾಗಿ ನಿಂತಿದ್ದವು.

ಇಷ್ಟು ಹೊತ್ತೂ ನಾನು ಕಾದಿಟ್ಟುಕೊಂಡ ಪ್ರಶ್ನೆ ಈಗ ಕೇಳಬಹುದು. ಐಸೊಟ್ಯಾಕ್ಟಿಕ್ ಸರಪಳಿಯಲ್ಲಿ ಎಲ್ಲ ಮೀಥೈಲ್‌ಗಳೂ ಒಂದೇ ಬದಿಗೆ ಬರುವಂತೆ ನೋಡಿಕೊಳ್ಳುವವರು ಯಾರು? ಎರಡು ಉತ್ತರ ಸಾಧ್ಯ. ನೆಡುವವನು ಪ್ರತಿಸಲವೂ ಹಿಂತಿರುಗಿ ಹಿಂದಿನ ಗಿಡವನ್ನು ನೋಡಿ ಅದರ ಬದಿಗೇ ನೆಡುತ್ತಿರಬಹುದು. ಇಲ್ಲವೆ ಹಿಂದೆ ನೋಡದೆ, ತನಗೆ ಕೊಟ್ಟ ಆದೇಶದಂತೆ ಬಲಬದಿಗೇ ನೆಡುತ್ತಿರಬಹುದು. ಮೊದಲನೆಯದರಲ್ಲಿ ನಿಯಂತ್ರಣ ಸರಪಳಿಯ ತುದಿಯದು. ಎರಡನೆಯದರಲ್ಲಿ ವೇಗವರ್ಧಕದ ಆಕಾರದ್ದು. ಯಾರೂ ತಪ್ಪು ಮಾಡದಿದ್ದರೆ ಎರಡೂ ಸಾಲುಗಳು ಒಂದೇ ತರಹ. ಯಾವ ಯಂತ್ರವೂ ಬೇರ್ಪಡಿಸಲಾರದು.

ತಪ್ಪಾಗಲಿ. ಹಿಂದಿನ ಗಿಡ ನೋಡಿ ನೆಡುವವನು ಒಮ್ಮೆ ಎಡವಿ ಎಡಕ್ಕೆ ನೆಟ್ಟರೆ ಮುಂದಿನದನ್ನು ಆ ಎಡಗಿಡ ನೋಡಿ ಎಡಕ್ಕೇ ನೆಡುತ್ತಾನೆ. ಅಲ್ಲಿಂದಾಚೆ ಸಾಲು ಪೂರ್ತಿ ಎಡಕ್ಕೆ ಹೊರಳುತ್ತದೆ. ನಡುವೆ ಒಂದೇ ಒಂದು ರ: ಮ-ಮ-ಮ-ರ-ಮ-ಮ-ಮ. ಆದೇಶ ಹಿಡಿದು ನೆಡುವವನು ಎಡವಿದರೆ ಮರುಗಳಿಗೆಯಲ್ಲೇ ಬಲಕ್ಕೆ ಮರಳುತ್ತಾನೆ. ಒಂಟಿ ಗಿಡ ಎಡಕ್ಕೆ, ಅದರ ಎರಡೂ ಕಡೆ ಒಂದೊಂದು ರ: ಮ-ಮ-ಮ-ರ-ರ-ಮ-ಮ-ಮ. ಈಗ ನಾಲ್ಕು ಜೋಡಿಗಳ ಕಿಟಕಿಯನ್ನು ಸಾಲಿನ ಮೇಲೆ ಒಂದೊಂದೇ ಹೆಜ್ಜೆ ಸರಿಸಿ, ಕಂಡದ್ದನ್ನು ಎಣಿಸಿ. ಮೊದಲನೆಯ ಸಾಲಿನಲ್ಲಿ ಮ-ಮ-ಮ-ರ ಎರಡು ಸಲ, ಮ-ಮ-ರ-ಮ ಎರಡು ಸಲ: ಅನುಪಾತ 1:1. ಎರಡನೆಯದರಲ್ಲಿ ಮ-ಮ-ಮ-ರ ಎರಡು, ಮ-ಮ-ರ-ರ ಎರಡು, ಮ-ರ-ರ-ಮ ಒಂದು: ಅನುಪಾತ 2:2:1. ಪಾಲಿಮರ್ ಎನ್‌ಎಂಆರ್ ಮಾಡುವವರು ನಿದ್ದೆಯಲ್ಲೂ ಹೇಳಬಲ್ಲ ಸಂಖ್ಯೆಗಳು ಇವು.

ಸಂಖ್ಯೆಗಳ ಗಾತ್ರವನ್ನೂ ಅಂದಾಜು ಮಾಡಬಹುದು. ಆದೇಶ ಹಿಡಿದು ನೆಡುವವನು ನೂರರಲ್ಲಿ ಎರಡು ಗಿಡ ತಪ್ಪುತ್ತಾನೆಂದು ಇಟ್ಟುಕೊಳ್ಳಿ. ಐದೂ ಸರಿಯಾಗಿ ಬರುವ ಸಂಭವ 0.98ನ್ನು ಐದು ಸಲ ಗುಣಿಸಿದಷ್ಟು, ಅಂದರೆ ಶೇ. 90. ಉಳಿದ ಹತ್ತರಲ್ಲಿ ಮ-ಮ-ಮ-ರ ಶೇ. 3.7, ಮ-ಮ-ರ-ರ ಶೇ. 3.7, ಮ-ರ-ರ-ಮ ಶೇ. 1.8. ಶಿಖರ ಚಿಕ್ಕದು, ಆದರೆ ಒಳ್ಳೆಯ ರೋಹಿತದಲ್ಲಿ ಸ್ಪಷ್ಟವಾಗಿ ಕಾಣುವಂಥದ್ದು.

ಜೀಗ್ಲರ್-ನಟ್ಟಾ ವೇಗವರ್ಧಕದ ಪಾಲಿಪ್ರೊಪಿಲೀನ್‌ನಲ್ಲಿ ಕಂಡದ್ದು ಎರಡನೆಯ ಬಗೆಯ ಜಾಡು. ವೇಗವರ್ಧಕದ ಮೇಲ್ಮೈಯಲ್ಲಿ ಎಡಗೈ-ಬಲಗೈ ಭೇದವುಳ್ಳ ತಾಣಗಳಿವೆ. ದಿಕ್ಕು ನಿರ್ಧರಿಸುವುದು ಅವು. ಇನ್ನೂ ಸೊಗಸಾದ ಪ್ರಸಂಗ 1984ರದು. ಅಮೆರಿಕದ ಎಕ್ಸಾನ್ ಕಂಪನಿಯ ಜಾನ್ ಯೂಯೆನ್ ದ್ರಾವಣದಲ್ಲಿ ಕರಗುವ, ಲೋಹವನ್ನು ಎರಡು ಉಂಗುರಗಳ ನಡುವೆ ಹಿಡಿದ ಮೆಟಲೊಸೀನ್ ವೇಗವರ್ಧಕಗಳನ್ನು ಬಳಸಿದರು. ಒಂದರ ಉಂಗುರಗಳು ಸಮಮಿತಿಯವು. ಅದಕ್ಕೆ ಎಡ-ಬಲ ಗೊತ್ತಿಲ್ಲ. ಆದರೂ ತಣ್ಣಗಿನ ಸ್ಥಿತಿಯಲ್ಲಿ ಅದು ಐಸೊಟ್ಯಾಕ್ಟಿಕ್ ಕಡೆಗೆ ವಾಲಿದ ಸರಪಳಿ ಕೊಟ್ಟಿತು, ಅದರ ತಪ್ಪುಗಳು 1:1. ಹಾನ್ಸ್ ಬ್ರಿಂಟ್ಸಿಂಗರ್ ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ರೂಪಿಸಿದ್ದ, ಉಂಗುರಗಳನ್ನು ಸೇತುವೆಯಿಂದ ಬಿಗಿದು ಎಡ-ಬಲ ಭೇದ ತಂದ ಇನ್ನೊಂದು ಮೆಟಲೊಸೀನ್ ಕೊಟ್ಟ ಐಸೊಟ್ಯಾಕ್ಟಿಕ್ ಸರಪಳಿಯಲ್ಲಿ ತಪ್ಪುಗಳು 2:2:1. ಎರಡು ಕಾರ್ಯವಿಧಾನಗಳೂ ಒಂದೇ ಪ್ರಬಂಧದಲ್ಲಿ, ಅವುಗಳ ಸಾಕ್ಷ್ಯ ಒಂದೇ ಬಗೆಯ ರೋಹಿತದಲ್ಲಿ. ವೇಗವರ್ಧಕದ ಆಕಾರ ಬದಲಿಸಿದರೆ ಸರಪಳಿಯ ವಿನ್ಯಾಸ ಬದಲಾಗುತ್ತದೆ ಎಂಬ ವಿಶ್ವಾಸ ಅಲ್ಲಿಂದ ಬೇರೂರಿತು. ನಾಲ್ಕು ವರ್ಷಗಳಲ್ಲಿ, 1988ರಲ್ಲಿ, ಯೂಯೆನ್ ಮತ್ತು ಅಬ್ಬಾಸ್ ರಜಾವಿ ಅವರ ಗುಂಪು ಆಕಾರವನ್ನು ಲೆಕ್ಕ ಹಾಕಿ ಬದಲಿಸಿ, ಸಿಂಡಿಯೊಟ್ಯಾಕ್ಟಿಕ್ ಪಾಲಿಪ್ರೊಪಿಲೀನ್ ತಯಾರಿಸುವ ವೇಗವರ್ಧಕವನ್ನು ಕೊಟ್ಟಿತು.

ಈ ಲೆಕ್ಕಗಳನ್ನು ನಂಬಬಹುದೇ ಎಂಬ ಅನುಮಾನ ಬರುವುದು ಸಹಜ, ಅದಕ್ಕೆ ಉತ್ತರ ಚುನಾವಣಾ ಸಮೀಕ್ಷೆಗಿಂತ ಭಿನ್ನ. ಸಮೀಕ್ಷೆಯಲ್ಲಿ ಎರಡು ಸಾವಿರ ಜನರನ್ನು ಕೇಳಿ ಕೋಟಿ ಜನರ ಬಗ್ಗೆ ಹೇಳುತ್ತೇವೆ. ತಪ್ಪು ಬರುವುದು ಮಾದರಿ ಚಿಕ್ಕದಾದ್ದರಿಂದ. ಇಲ್ಲಿ 10 ಮಿಲಿಗ್ರಾಂ ಪಾಲಿಪ್ರೊಪಿಲೀನ್‌ನಲ್ಲೇ ಒಂದರ ಮುಂದೆ ಇಪ್ಪತ್ತು ಸೊನ್ನೆ ಇಟ್ಟಷ್ಟು ಕೊಂಡಿಗಳಿವೆ. ಎಣಿಕೆ ಕಡಿಮೆಯಾಯಿತೆಂಬ ಮಾತೇ ಇಲ್ಲ. ತಪ್ಪು ಬರುವುದು ಅಳತೆಯಲ್ಲಿ. ಒಂದು ಮಿಡಿತ ಕೊಟ್ಟ ಮೇಲೆ ನ್ಯೂಕ್ಲಿಯಸ್‌ಗಳು ಪೂರ್ತಿ ಶಾಂತವಾಗುವ ತನಕ ಕಾಯದೆ ಮುಂದಿನ ಮಿಡಿತ ಕೊಟ್ಟರೆ ನಿಧಾನ ಸ್ವಭಾವದ ಗುಂಪುಗಳ ಶಿಖರ ಕುಗ್ಗುತ್ತದೆ. ಯಂತ್ರದ ಸಮಯ ಉಳಿಸುವ ಆತುರಕ್ಕೆ ಇಲ್ಲಿ ಬೆಲೆ ತೆರಬೇಕು. ಐಸೊಟ್ಯಾಕ್ಟಿಕ್ ಪಾಲಿಪ್ರೊಪಿಲೀನ್ ಸುಮಾರು 120 ಡಿಗ್ರಿಗೆ ಬಿಸಿಯಾದ ದ್ರಾವಕದಲ್ಲಷ್ಟೇ ಚೆನ್ನಾಗಿ ಕರಗುತ್ತದೆ. ಗಟ್ಟಿಯಾಗಿ ಉಳಿದ ತುಣುಕು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಒಂದರ ಮೇಲೊಂದು ಕುಳಿತ ಶಿಖರಗಳನ್ನು ಎಲ್ಲಿ ಕತ್ತರಿಸಿ ವಿಸ್ತೀರ್ಣ ಅಳೆಯಬೇಕೆಂಬುದೂ ತೀರ್ಮಾನದ ಮಾತೇ. ಹತ್ತು ಪೆಂಟಾಡ್‌ಗಳಲ್ಲಿ ಕೆಲವು ಸಾಧಾರಣ ಯಂತ್ರದಲ್ಲಿ ಬೇರೆಯಾಗುವುದೇ ಇಲ್ಲ, ಅವನ್ನು ಕೂಡಿಸಿಯೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಮುಂದೆ ಬಲವಾದ ಕಾಂತಗಳು ಬಂದ ಮೇಲೆ ಇಟಲಿಯ ನೇಪಲ್ಸ್‌ನಲ್ಲಿ ವಿನ್ಸೆಂಜೊ ಬುಸಿಕೊ ಅವರ ಗುಂಪು ಏಳು, ಒಂಬತ್ತು ಗಿಡಗಳ ಕಿಟಕಿಗಳವರೆಗೂ ಹೋಗಿ, ಮೊದಲು ಒಂದೇ ಎಂದುಕೊಂಡಿದ್ದ ಶಿಖರಗಳೊಳಗೆ ಹೊಸ ವಿವರಗಳನ್ನು ಬಿಡಿಸಿತು.

ಈಗ ಇನ್ನೊಂದು ಬಗೆಯ ಸಂಖ್ಯಾಶಾಸ್ತ್ರ ಪ್ರಯೋಗಾಲಯಗಳನ್ನು ತುಂಬಿಕೊಂಡಿದೆ. ರಾಮನ್ ಅಥವಾ ಇನ್‌ಫ್ರಾರೆಡ್ ಯಂತ್ರದಿಂದ ನೂರಾರು ರೋಹಿತಗಳನ್ನು ತೆಗೆದು, ಕಾರ್ಲ್ ಪಿಯರ್ಸನ್ 1901ರಲ್ಲಿ ಬೀಜ ಹಾಕಿದ ಪ್ರಧಾನ ಘಟಕ ವಿಶ್ಲೇಷಣೆಗೆ ಒಡ್ಡಿ, ಮಾದರಿಗಳನ್ನು ಗುಂಪುಗೂಡಿಸುತ್ತಾರೆ. ಕಸದ ಪ್ಲಾಸ್ಟಿಕ್ ವಿಂಗಡಿಸಲು, ಕಾರ್ಖಾನೆಯ ಒಂದು ಕಂತು ಇನ್ನೊಂದರಂತಿದೆಯೇ ನೋಡಲು ಅದು ಬಹಳ ಉಪಯುಕ್ತ. ಆದರೆ ಅದು ಹೇಳುವುದು ಇದು ಅದಕ್ಕಿಂತ ಭಿನ್ನ ಎಂದಷ್ಟೇ. ಏಕೆ ಭಿನ್ನ ಎಂದಲ್ಲ. ಬೋವಿಯವರ ದಾರಿಯಲ್ಲಿ ಸರಪಳಿ ಬೆಳೆಯುವ ಬಗೆಯ ಬಗ್ಗೆ ಮೊದಲೇ ಒಂದು ಊಹೆ ಇರುತ್ತದೆ, ಆ ಊಹೆ ಸಂಖ್ಯೆಗಳನ್ನು ಮುಂಗಡವಾಗಿ ಹೇಳುತ್ತದೆ, ರೋಹಿತ ಅದನ್ನು ಸುಳ್ಳು ಮಾಡಬಲ್ಲದು. ಪಾಲಿಮರ್ ರಚನೆಯ ವಿಷಯದಲ್ಲಿ ಈ ಎರಡನೆಯದೇ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ತಂತ್ರಾಂಶದ ಗುಂಡಿ ಒತ್ತಿ ಬಣ್ಣದ ಚುಕ್ಕೆಗಳ ಚಿತ್ರ ಪಡೆಯುವುದು ಸುಲಭವಾದಷ್ಟೂ ಆ ಹಳೆಯ ಶಿಸ್ತನ್ನು ಕಲಿಸುವ ಅಗತ್ಯ ಹೆಚ್ಚುತ್ತಿದೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿರುವವರಿಗೆ ಒಂದು ಮಾತು. ಪಾಲಿಮರ್ ಪ್ರಬಂಧವೊಂದರಲ್ಲಿ ಟ್ರಯಾಡ್ ಅಥವಾ ಪೆಂಟಾಡ್‌ಗಳ ಪಟ್ಟಿ ಕಂಡರೆ ದಾಟಿ ಹೋಗಬೇಡಿ. ಕಾಗದ, ಪೆನ್ಸಿಲ್ ತೆಗೆದುಕೊಂಡು ಮ-ಮ, ರ-ರ ಗುಣಿಸಿ ನಾಲ್ಕು ಪಟ್ಟು ಮಾಡಿ, ಮ-ರ ವರ್ಗದಿಂದ ಭಾಗಿಸಿ. ತಪ್ಪಿನ ಶಿಖರಗಳು 1:1 ಇವೆಯೇ, 2:2:1 ಇವೆಯೇ ನೋಡಿ. ಆಮೇಲೆ ಸ್ವತಂತ್ರ ಅಳತೆಗಳು ಎಷ್ಟು, ಲೇಖಕರು ಹೊಂದಿಸಿದ ಅಜ್ಞಾತಗಳು ಎಷ್ಟು ಎಂದು ಎಣಿಸಿ. ಎರಡೂ ಸಮವಾಗಿದ್ದರೆ ಆ ಪ್ರಬಂಧದ ಮಾದರಿ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ.